ದೊಡ್ಡಪ್ಪನ ಉತ್ತರ

ಅಧಿಕಾರದ ಪೀಠವನ್ನೇರಿದವರಿಗೆ ಕಠಿಣವಾದ ಪರೀಕ್ಷೆ ಒದಗುವುದು ಅನೇಕ ವೇಳೆ ಸ್ವಂತ ಮನೆಯಿಂದಲೇ. ಜಾರ್ಜ್ ವಾಷಿಂಗ್ಟನ್ನರ ಬಾಳಿನಲ್ಲಿಯೂ ಅಂಥದೊಂದು ಪ್ರಸಂಗ ಒದಗಿಬಂದಿತು.

ವಾಷಿಂಗ್ಟನ್ನರು 1732ರಲ್ಲಿ ವರ್ಜೀನಿಯಾದಲ್ಲಿ ಜನಿಸಿದರು. ಹನ್ನೊಂದನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ ಅವರು ತಾರುಣ್ಯದಲ್ಲಿ ಭೂಮಾಪಕರಾಗಿ ದುಡಿದರು. ಬ್ರಿಟಿಷರ ವಿರುದ್ಧ ನಡೆದ ಸ್ವಾತಂತ್ರ್ಯಸಮರದಲ್ಲಿ ಸೇನೆಯ ಮುಂದಾಳಾಗಿ ಜಯವನ್ನು ತಂದುಕೊಟ್ಟರು. 1789ರ ಏಪ್ರಿಲ್ 30ರಂದು ನ್ಯೂಯಾರ್ಕ್ ನಗರದಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಪ್ರಥಮ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದರು. ಹೊಸ ಸರ್ಕಾರದ ಹುದ್ದೆಗಳನ್ನೆಲ್ಲ ತುಂಬಬೇಕಾಗಿತ್ತು. ನಾಡಿನ ನಾನಾ ಭಾಗಗಳಿಂದ ಅರ್ಜಿಗಳೂ ಶಿಫಾರಸು ಪತ್ರಗಳೂ ಬರತೊಡಗಿದವು.

ಅವುಗಳಲ್ಲಿ ಒಂದು ಪತ್ರ ಮನೆಯಿಂದಲೇ ಬಂದಿತ್ತು. ಬರೆದವನು ತಮ್ಮನ ಮಗ ಬುಷ್‌ರಾಡ್ ವಾಷಿಂಗ್ಟನ್. ಸ್ವಂತ ಮಕ್ಕಳಿಲ್ಲದ ವಾಷಿಂಗ್ಟನ್ನರಿಗೆ ಈ ತರುಣನ ಮೇಲೆ ಬಹಳ ಮಮತೆ. ಅವನ ಕಾನೂನು ವ್ಯಾಸಂಗಕ್ಕೆ ನೆರವಾದವರೂ ಅವರೇ. ತಂದೆ 1787ರಲ್ಲಿ ತೀರಿಕೊಂಡ ಬಳಿಕ ಬುಷ್‌ರಾಡನಿಗೆ ದೊಡ್ಡಪ್ಪನೇ ಹಿರಿಯ ಆಸರೆ. ವರ್ಜೀನಿಯಾದಲ್ಲಿ ಏರ್ಪಡಲಿದ್ದ ಕೇಂದ್ರ ಸರ್ಕಾರದ ನ್ಯಾಯಾಲಯದಲ್ಲಿ ತನ್ನನ್ನು ಸರ್ಕಾರಿ ವಕೀಲನನ್ನಾಗಿ ನೇಮಿಸಬೇಕೆಂದು 27 ವರ್ಷದ ಆತ ಕೇಳಿಕೊಂಡಿದ್ದನು.

ಹೆಸರನ್ನು ಸೂಚಿಸುವ ಅಧಿಕಾರ ಅಧ್ಯಕ್ಷರ ಕೈಯಲ್ಲಿಯೇ ಇತ್ತು. ಒಂದೆಡೆ ಮಮತೆ, ಇನ್ನೊಂದೆಡೆ ಕರ್ತವ್ಯ. ಜುಲೈ 27ರಂದು ವಾಷಿಂಗ್ಟನ್ನರು ಉತ್ತರ ಬರೆದರು. ವಯಸ್ಸಿನಲ್ಲಿಯೂ ಅನುಭವದಲ್ಲಿಯೂ ಹಿರಿಯರಾದ ನ್ಯಾಯವಾದಿಗಳು ಇರುವಾಗ ಅವನನ್ನು ಆರಿಸುವುದು ಉಚಿತವಲ್ಲವೆಂದು ಮುಚ್ಚುಮರೆಯಿಲ್ಲದೆ ತಿಳಿಸಿದರು. ಜನರ ನೂರಾರು ಕಣ್ಣುಗಳು ತಮ್ಮ ಮೇಲಿವೆ, ಬಂಧುಮಿತ್ರರ ಬಗೆಗೆ ಪಕ್ಷಪಾತ ತೋರಿದರೆ ಅದು ಯಾರ ಗಮನಕ್ಕೂ ಬೀಳದೆ ಹೋಗದು ಎಂದು ವಿವರಿಸಿದರು. ಆ ಹುದ್ದೆಗೆ ಅವರು ಆರಿಸಿದ್ದು ಜಾನ್ ಮಾರ್ಷಲ್ ಎಂಬ ಸಮರ್ಥ ವಕೀಲರನ್ನು. ಮಾರ್ಷಲ್ಲರು ಅದನ್ನು ಒಪ್ಪಿಕೊಳ್ಳಲಿಲ್ಲ. ಆದರೂ ಅದು ಬುಷ್‌ರಾಡನ ಪಾಲಿಗೆ ಬರಲಿಲ್ಲ.

ಈ ನಿರಾಕರಣೆಯಿಂದ ಮನೆಯ ಬಾಂಧವ್ಯ ಕೆಡಲಿಲ್ಲ. ಬುಷ್‌ರಾಡ್ ವಕೀಲ ವೃತ್ತಿಯಲ್ಲಿ ಶ್ರಮಿಸಿ ಹೆಸರು ಗಳಿಸಿದನು. 1798ರಲ್ಲಿ, ವಾಷಿಂಗ್ಟನ್ನರು ಅಧಿಕಾರದಿಂದ ನಿವೃತ್ತರಾದ ಮೇಲೆ, ಎರಡನೆಯ ಅಧ್ಯಕ್ಷರಾದ ಜಾನ್ ಆಡಮ್ಸರು ಅವನನ್ನು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯನ್ನಾಗಿ ನೇಮಿಸಿದರು. 1829ರಲ್ಲಿ ಕೊನೆಯುಸಿರೆಳೆಯುವವರೆಗೂ ಆತ ಆ ಸ್ಥಾನದಲ್ಲಿದ್ದನು.

ವಾಷಿಂಗ್ಟನ್ನರು 1799ರ ಡಿಸೆಂಬರ್ 14ರಂದು ನಿಧನರಾದರು. ಪತ್ನಿ ಮಾರ್ಥಾ ಅವರ ಕಾಲಾನಂತರ ಮೌಂಟ್ ವರ್ನನ್ನಿನ ತಮ್ಮ ಮನೆ ಬುಷ್‌ರಾಡನಿಗೆ ಸೇರಬೇಕೆಂದು ಅವರು ಉಯಿಲಿನಲ್ಲಿ ಬರೆದಿದ್ದರು. ತಮ್ಮ ಕಾಗದಪತ್ರಗಳನ್ನೂ ಅವನಿಗೇ ಬಿಟ್ಟಿದ್ದರು. ತಮ್ಮದಾದ ಮನೆಯನ್ನು ಅವರು ಅವನಿಗೆ ಪ್ರೀತಿಯಿಂದ ಕೊಟ್ಟರು. ನಾಡಿನದಾದ ಹುದ್ದೆಯನ್ನು ಮಾತ್ರ ಕೊಡಲಿಲ್ಲ.