ಗಿಟಾರ್‌ನ ಗಂಟೆನಾದಕ್ಕೆ ದುಬಾರಿ ಪೆಡಲ್ ಬೇಕೇ? ಉತ್ತರ ಸಿ.ವಿ. ರಾಮನ್ ಅವರ ಬದುಕಿನಲ್ಲಿದೆ

ಬಾಗಲಕೋಟೆ ಜಿಲ್ಲೆಯ ಕಮತಗಿಯಿಂದ ಓದುಗರೊಬ್ಬರು ನಮಗೊಂದು ಪ್ರಶ್ನೆ ಕಳಿಸಿದ್ದಾರೆ. ಮೊಬೈಲ್‌ನಲ್ಲಿ ವಿಡಿಯೊ ನೋಡುತ್ತಾ ಎಲೆಕ್ಟ್ರಿಕ್ ಗಿಟಾರ್ ಕಲಿಯುತ್ತಿದ್ದಾರಂತೆ. ವಿಡಿಯೊದಲ್ಲಿ ಕಲಿಸುವವರು ತಂತಿಯನ್ನು ಒತ್ತದೆ, ಬರೀ ಮುಟ್ಟಿ ಮೀಟಿದರೆ ಗಂಟೆ ಬಾರಿಸಿದಂಥ ನಾದ ಬರುತ್ತದೆ. ಇವರು ಮೀಟಿದರೆ ಠಸ್ ಎನ್ನುವ ಸದ್ದು ಮಾತ್ರ. ಹಾರ್ಮೋನಿಕ್ಸ್ ಎನ್ನುವ ಈ ನಾದಕ್ಕೆ ದುಬಾರಿ ಪೆಡಲ್ ಬೇಕೇ ಬೇಕು ಎಂದು ಗೆಳೆಯರು ಹೇಳಿದ್ದಾರೆ. ಕೊಳ್ಳಬೇಕೋ ಬೇಡವೋ ಎಂಬುದು ಅವರ ಚಿಂತೆ.

ಕೊಳ್ಳುವುದು ಬೇಡ. ಆ ನಾದ ಪೆಡಲ್‌ನಲ್ಲಿಲ್ಲ, ತಂತಿಯಲ್ಲೇ ಇದೆ. ತಂತಿ ಮತ್ತು ಚರ್ಮದ ವಾದ್ಯಗಳಲ್ಲಿ ಅಡಗಿರುವ ಇಂಥ ನಾದಗಳ ಬೆನ್ನು ಹತ್ತಿದವರಲ್ಲಿ ನಾವೆಲ್ಲ ಬಲ್ಲ ಒಬ್ಬರಿದ್ದಾರೆ. ಅವರೇ ಸರ್ ಸಿ.ವಿ. ರಾಮನ್. ಬೆಳಕಿನ ಸಂಶೋಧನೆಗೆ ನೊಬೆಲ್ ಪಡೆದವರು ಎಂದಷ್ಟೇ ನಮಗೆ ಗೊತ್ತು. ಅದಕ್ಕೂ ಮೊದಲು ಹಲವು ವರ್ಷ ಅವರು ಕಿವಿಯ ಹಿಂದೆ ಬಿದ್ದಿದ್ದರು.

ತವರಲ್ಲಿ ಪಿಟೀಲು, ಸಂಸಾರದಲ್ಲಿ ವೀಣೆ

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ಗಣಿತ ಮತ್ತು ಭೌತಶಾಸ್ತ್ರದ ಅಧ್ಯಾಪಕರು. ಪಿಟೀಲನ್ನೂ ನುಡಿಸುತ್ತಿದ್ದರು. 1907ರಲ್ಲಿ ರಾಮನ್ ಕೈಹಿಡಿದ ಲೋಕಸುಂದರಿ ವೀಣೆ ಬಲ್ಲವರು.

ಅದೇ ವರ್ಷ ಅವರು ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತಕ್ಕೆ ಹೋದರು. ಕೈತುಂಬ ಸಂಬಳದ ಕೆಲಸ. ಆದರೆ ಬೌಬಜಾರ್ ರಸ್ತೆಯಲ್ಲಿ ವಿಜ್ಞಾನ ಸಂಘವೊಂದರ ಪ್ರಯೋಗಾಲಯ ಕಣ್ಣಿಗೆ ಬಿತ್ತು. ಅಂದಿನಿಂದ ಕಚೇರಿಗೆ ಮುಂಚೆ, ಕಚೇರಿ ಮುಗಿದ ಮೇಲೆ ಅಲ್ಲೇ ಠಿಕಾಣಿ. ಹಲವು ವರ್ಷ ಹೀಗೇ ನಡೆಯಿತು. 1909ರಲ್ಲೇ ಅವರು ಏಕತಾರಿಯ ಬಗ್ಗೆ ಲೇಖನ ಬರೆದರು. ನಮ್ಮೂರ ಭಜನೆಯಲ್ಲಿ, ತತ್ವಪದ ಹಾಡುವವರ ಕೈಯಲ್ಲಿ ಕಾಣುವ ಅದೇ ಒಂಟಿ ತಂತಿಯ ವಾದ್ಯ!

1917ರಲ್ಲಿ ಅವರು ಸರ್ಕಾರಿ ಹುದ್ದೆ ಬಿಟ್ಟು, ಕಡಿಮೆ ಸಂಬಳಕ್ಕೆ ಕಲ್ಕತ್ತ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಮರುವರ್ಷವೇ ಪಿಟೀಲಿನ ತಂತಿ ಕಂಪಿಸುವ ಬಗೆ ಕುರಿತು ದೊಡ್ಡ ಪ್ರಬಂಧ ಹೊರತಂದರು.

ಒಂದೇ ತಂತಿ, ಹಲವು ನಾದ

ಗಿಟಾರ್‌ನ ಐದನೇ ತಂತಿಯನ್ನು ಸುಮ್ಮನೆ ಮೀಟಿ. ಅದು ಸೆಕೆಂಡಿಗೆ 110 ಸಲ ಕಂಪಿಸುತ್ತದೆ. ಆದರೆ ಅದೇ ಹೊತ್ತಿಗೆ ಅದೇ ತಂತಿ ಎರಡು ಭಾಗವಾಗಿ 220 ಸಲ, ಮೂರು ಭಾಗವಾಗಿ 330 ಸಲ, ನಾಲ್ಕು ಭಾಗವಾಗಿ 440 ಸಲವೂ ಕಂಪಿಸುತ್ತಿರುತ್ತದೆ. ಇವೆಲ್ಲ ಬೆರೆತು ನಮಗೆ ಒಂದೇ ಸ್ವರವಾಗಿ ಕೇಳುತ್ತದೆ.

ಎರಡು ಭಾಗವಾಗಿ ಕಂಪಿಸುವಾಗ ತಂತಿಯ ನಟ್ಟನಡುವಿನ ಬಿಂದು ಅಲುಗುವುದೇ ಇಲ್ಲ. ಅಲ್ಲಿ ಬೆರಳು ಸೋಕಿಸಿದರೆ ಆ ಕಂಪನಕ್ಕೆ ಯಾವ ತೊಂದರೆಯೂ ಇಲ್ಲ. ಆ ಬಿಂದುವಿನಲ್ಲಿ ಅಲುಗಬೇಕಾದ ಮೂಲ ಸ್ವರ ಮಾತ್ರ ಸತ್ತುಹೋಗುತ್ತದೆ. ಉಳಿಯುವುದೇ ಆ ಗಂಟೆನಾದ. ಅಂದರೆ ನೀವು ಹೊಸ ಸದ್ದು ಹುಟ್ಟಿಸುತ್ತಿಲ್ಲ, ಬೇಡದ್ದನ್ನು ತಡೆಯುತ್ತಿದ್ದೀರಿ ಅಷ್ಟೇ.

ಚರ್ಮದಲ್ಲೂ ಸ್ವರ!

ಇನ್ನು ಚರ್ಮದ ವಾದ್ಯಕ್ಕೆ ಬನ್ನಿ. ಬಿಗಿದ ಬರೀ ಚರ್ಮದಲ್ಲಿ ಈ ಲೆಕ್ಕ ಕೂಡುವುದಿಲ್ಲ. ಮೂಲ ಸ್ವರ 1 ಎಂದಾದರೆ ಮೇಲಿನವು 2, 3, 4 ಆಗುವ ಬದಲು 1.59, 2.14, 2.30 ಹೀಗೆ ಅಡ್ಡಾದಿಡ್ಡಿ ಬರುತ್ತವೆ. ಹಾಗಾಗಿ ಹೆಚ್ಚಿನ ಡೋಲುಗಳಲ್ಲಿ ಸದ್ದು ಇರುತ್ತದೆ, ಸ್ಪಷ್ಟ ಸ್ವರ ಇರುವುದಿಲ್ಲ.

ಮೃದಂಗ, ತಬಲಾ ಮಾತ್ರ ಹಾಗಲ್ಲ ಎಂದು 1920ರಲ್ಲಿ ರಾಮನ್ ಮತ್ತು ಅವರ ಸಹೋದ್ಯೋಗಿ ಶಿವಕಾಳಿ ಕುಮಾರ್ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ಚರ್ಮದ ನಡುವೆ ಮೆತ್ತುವ ಕಪ್ಪು ಕರಣೆ ಅಲ್ಲಿ ತೂಕ ಹೆಚ್ಚಿಸಿ, ಅಡ್ಡಾದಿಡ್ಡಿ ಕಂಪನಗಳನ್ನು ಸಾಲಿಗೆ ತರುತ್ತದೆ. ರಾಮನ್ ಚರ್ಮದ ಮೇಲೆ ಸಣ್ಣ ಮರಳು ಉದುರಿಸಿ ಬಡಿದು ನೋಡಿದರು. ಅಲುಗದ ಗೆರೆಗಳಲ್ಲಿ ಮರಳು ನಿಂತು ಚಿತ್ತಾರ ಮೂಡಿತು. ಒಂಬತ್ತು ಬಗೆಯ ಕಂಪನಗಳು ಸೇರಿ ಐದು ಹಾರ್ಮೋನಿಕ್ ಸ್ವರಗಳಾಗುತ್ತವೆ ಎಂಬುದು ಅವರು ಕಂಡುಕೊಂಡ ಸತ್ಯ.

ತಬಲಾದವರು ಉಂಗುರದ ಬೆರಳನ್ನು ಚರ್ಮದ ಮೇಲೆ ಹಗುರವಾಗಿ ಇಟ್ಟು ತೋರುಬೆರಳಿನಿಂದ ಅಂಚಿಗೆ ಬಡಿಯುವುದನ್ನು ನೋಡಿದ್ದೀರಲ್ಲವೇ? ಅದು ಗಿಟಾರ್‌ನ ಅದೇ ಉಪಾಯ. ಮೂಲ ಸ್ವರವನ್ನು ತಡೆದು ಮೇಲಿನದನ್ನು ಹಾಡಿಸುವುದು.

ಬೆಂಗಳೂರಿನ ದಿನಗಳು

1928ರ ಫೆಬ್ರವರಿ 28ರಂದು ರಾಮನ್ ಪರಿಣಾಮದ ಶೋಧ. 1930ರಲ್ಲಿ ನೊಬೆಲ್. 1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ನೊಬೆಲ್ ಬಂದ ಮೇಲೂ ಅವರು ಮೃದಂಗವನ್ನು ಮರೆಯಲಿಲ್ಲ. 1934ರಲ್ಲಿ ತಾವೇ ಕಟ್ಟಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ನಮ್ಮ ಚರ್ಮವಾದ್ಯಗಳ ಬಗ್ಗೆ ವಿವರವಾಗಿ ಬರೆದರು. 1970ರ ನವೆಂಬರ್ 21ರಂದು ಬೆಂಗಳೂರಿನಲ್ಲೇ ತೀರಿಕೊಂಡರು. ಅವರ ಹೆಸರಿನ ಸಂಶೋಧನಾ ಸಂಸ್ಥೆಯ ತೋಟದಲ್ಲೇ ದಹನವಾಯಿತು. ಆ ಜಾಗದಲ್ಲಿ ಇರುವುದು ಒಂದು ಮರ.

ಈಗ ಗಿಟಾರ್ ಕೈಗೆತ್ತಿಕೊಳ್ಳಿ

ಕಮತಗಿಯ ಗೆಳೆಯರೇ, ನಿಮ್ಮ ಬೆರಳು ಬಹುಶಃ ಎರಡು ಫ್ರೆಟ್‌ಗಳ ನಡುವೆ ಇದೆ. 12ನೇ ಫ್ರೆಟ್‌ನ ಲೋಹದ ಪಟ್ಟಿಯ ನೇರ ಮೇಲೆ ತಂತಿಗೆ ಬೆರಳು ಸೋಕಿಸಿ. ಒತ್ತಬೇಡಿ. ಇನ್ನೊಂದು ಕೈಯಿಂದ ಮೀಟಿ, ತಕ್ಷಣ ಬೆರಳು ಎತ್ತಿ. ಅದು ಬಂದರೆ 7ನೇ ಫ್ರೆಟ್ (ತಂತಿಯ ಮೂರನೇ ಒಂದು ಭಾಗ), ಆಮೇಲೆ 5ನೇ ಫ್ರೆಟ್ (ನಾಲ್ಕನೇ ಒಂದು ಭಾಗ). ಹಲವು ಪಿಕಪ್ ಇದ್ದರೆ ಸೇತುವೆಯ ಬಳಿಯದನ್ನು ಆರಿಸಿ. ಆ ತುದಿಯಲ್ಲಿ ಮೇಲಿನ ಸ್ವರಗಳು ಚೆನ್ನಾಗಿ ಸಿಗುತ್ತವೆ. ಪೆಡಲ್, ಆಂಪ್ಲಿಫೈಯರ್ ಆ ನಾದವನ್ನು ದೊಡ್ಡದು ಮಾಡಬಲ್ಲವು, ಹುಟ್ಟಿಸಲಾರವು.

ಫಾರ್ವರ್ಡ್ ಮಾಡುವ ಮುನ್ನ

ಫೆಬ್ರವರಿ 28 ರಾಮನ್ ಹುಟ್ಟುಹಬ್ಬ ಅಲ್ಲ. ಅದು ಶೋಧದ ದಿನ, ಅದಕ್ಕಾಗಿ ರಾಷ್ಟ್ರೀಯ ವಿಜ್ಞಾನ ದಿನ.

ಅವರಿಗೆ ನೊಬೆಲ್ ಬಂದದ್ದು ವಾದ್ಯಗಳ ಅಧ್ಯಯನಕ್ಕಲ್ಲ, ಬೆಳಕಿನ ಚದುರುವಿಕೆಯ ಅಧ್ಯಯನಕ್ಕೆ.

ಮೃದಂಗದ ಕಂಪನದಿಂದ ಕಾಯಿಲೆ ವಾಸಿಯಾಗುತ್ತದೆ ಎಂದು ಈ ಪ್ರಬಂಧಗಳಲ್ಲಿ ರಾಮನ್ ಹೇಳಿಲ್ಲ. ಕರಣೆ ಮೆತ್ತಿದ ನಮ್ಮ ಕುಶಲಕರ್ಮಿಗಳಿಗೆ ಸಮೀಕರಣದ ಹಂಗೂ ಇರಲಿಲ್ಲ. ಅವರು ಕಿವಿಯಿಂದ ಕೇಳಿ, ತಿದ್ದಿ, ಮತ್ತೆ ಕೇಳಿ ಅಲ್ಲಿಗೆ ಮುಟ್ಟಿದರು. ರಾಮನ್ ಅದನ್ನು ಅಳೆದು ಜಗತ್ತಿಗೆ ತೋರಿಸಿದರು. ಹೆಮ್ಮೆಪಡಲು ಇಷ್ಟು ಸಾಕು, ಉಪ್ಪುಖಾರ ಹಚ್ಚಬೇಕಿಲ್ಲ.

ಗಿಟಾರ್ ಕಲಿಯುವ ಗೆಳೆಯರಿದ್ದರೆ, ಅವರು ಪೆಡಲ್‌ಗೆ ದುಡ್ಡು ಸುರಿಯುವ ಮೊದಲು ಇದನ್ನು ಕಳಿಸಿ.