ಚಿತ್ರಕಲಾವಿದ ಕೆ. ವೆಂಕಟಪ್ಪ

ಮುಂಗಾರಿನ ಮೋಡಗಳು ಚೆದುರಿ ಶರದೃತು ಕಾಲಿಡುವ ವೇಳೆಗೆ ನೀಲಗಿರಿಯ ಚೆಲುವು ಕ್ಷಣಕ್ಷಣಕ್ಕೂ ಹೊಸತಾಗುತ್ತದೆ. ಕಣಿವೆಯಿಂದ ಮಂಜು ಮೇಲೇಳುತ್ತದೆ. ಬಿಸಿಲು ಇಣುಕಿ ಮರೆಯಾಗುತ್ತದೆ. ನೋಡಿದವರು ಮರೆತುಬಿಡುವ ಇಂತಹ ಗಳಿಗೆಗಳನ್ನು ಕಾಗದದ ಮೇಲೆ ಶಾಶ್ವತವಾಗಿ ನಿಲ್ಲಿಸಿದವರು ಕನ್ನಡನಾಡಿನ ಹೆಸರಾಂತ ಚಿತ್ರಕಲಾವಿದ ಕೆ. ವೆಂಕಟಪ್ಪನವರು.

ವೆಂಕಟಪ್ಪನವರು 1886ರಲ್ಲಿ ಮೈಸೂರಿನಲ್ಲಿ ಜನಿಸಿದರು. ಅವರದು ಅರಮನೆಯ ಆಶ್ರಯದಲ್ಲಿದ್ದ ಚಿತ್ರಗಾರರ ಮನೆತನ. ಬಾಲಕನ ಪ್ರತಿಭೆಯನ್ನು ಗುರುತಿಸಿದ ನಾಲ್ವಡಿ ಕೃಷ್ಣರಾಜ ಒಡೆಯರು ಮುಂದೆ ಅವರ ಉನ್ನತ ಶಿಕ್ಷಣಕ್ಕೆ ನೆರವಾದರು. 1909ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯನ್ನು ಸೇರಿದ ವೆಂಕಟಪ್ಪನವರಿಗೆ ಅವನೀಂದ್ರನಾಥ ಠಾಕೂರರು ಗುರುಗಳಾದರು. ನಂದಲಾಲ ಬಸು ಸಹಪಾಠಿಗಳಾದರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಗ್ರಂಥವು 1913ರಲ್ಲಿ ಪ್ರಕಟವಾದಾಗ ಅದರಲ್ಲಿ ಈ ತರುಣನ ಚಿತ್ರಗಳೂ ಸೇರಿದ್ದವು.

ಮೈಸೂರಿಗೆ ಹಿಂದಿರುಗಿದ ಮೇಲೆ ಅವರು ವೀಣೆ ಶೇಷಣ್ಣನವರಲ್ಲಿ ಶಿಷ್ಯತ್ವ ವಹಿಸಿದರು. ವೀಣೆಯ ಮೇಲಿನ ಒಲವು ಎಷ್ಟು ಬಲವಾಗಿತ್ತೆಂದರೆ ಚಿತ್ರಕಲೆಯೇ ಹಿಂದೆ ಸರಿಯಿತು. ಎರಡು ಕಲೆಗಳ ನಡುವಣ ಈ ತೊಳಲಾಟವನ್ನೇ ಅವರು ಮುಂದೊಂದು ಚಿತ್ರಕ್ಕೆ ವಸ್ತುವಾಗಿಸಿಕೊಂಡರು. 1920ರ ದಶಕದಲ್ಲಿ ಉದಕಮಂಡಲದ ಸೂರ್ಯೋದಯ, ಬೆಳದಿಂಗಳು, ಕೆರೆಯ ದಡ, ಒಡೆಯುವ ಮೋಡಗಳು ಅವರ ಜಲವರ್ಣಗಳಲ್ಲಿ ಮೈದಾಳಿದವು. ಅರಮನೆಗಾಗಿ ಅವರು ಗಾರೆಯ ಉಬ್ಬುಶಿಲ್ಪಗಳನ್ನೂ ರಚಿಸಿದರು.

ವೆಂಕಟಪ್ಪನವರು ಅವಿವಾಹಿತರಾಗಿಯೇ ಉಳಿದು ಕಲೆಯನ್ನೇ ಸಂಸಾರವನ್ನಾಗಿ ಮಾಡಿಕೊಂಡರು. ಕಲಾವಿದನ ದುಡಿಮೆಗೆ ತಕ್ಕ ಬೆಲೆ ಸಲ್ಲಲೇಬೇಕೆಂಬುದು ಅವರ ದೃಢ ನಿಲುವು. 1940ರಲ್ಲಿ ಕೃಷ್ಣರಾಜ ಒಡೆಯರು ಕಾಲವಾದ ಮೇಲೆ, ತಮಗೆ ಬರಬೇಕಾಗಿದ್ದ ಸಂಭಾವನೆಗಾಗಿ ಅವರು ತಮ್ಮನ್ನು ಪೋಷಿಸಿದ ಅರಮನೆಯ ವಿರುದ್ಧವೇ ನ್ಯಾಯಾಲಯದ ಮೆಟ್ಟಿಲೇರಿದರು. ತೀರ್ಪು ಅವರ ಪರವಾಗಲಿಲ್ಲ. ಆದರೂ ಅವರು ತಮ್ಮ ನಿಲುವನ್ನು ಸಡಿಲಿಸಲಿಲ್ಲ. ಬೆಂಗಳೂರಿನಲ್ಲಿ ನೆಲೆಸಿ, ಜನಸಂಪರ್ಕದಿಂದ ದೂರವಾಗಿ, ತಮ್ಮ ಚಿತ್ರಗಳ ಮತ್ತು ವೀಣೆಯ ಸಾನ್ನಿಧ್ಯದಲ್ಲಿ ಬಾಳಿದರು. ಇತರರಿಗೆ ಅದು ಏಕಾಂತವಾಗಿ ಕಂಡಿರಬಹುದು. ಆದರೆ ಆ ಗೋಡೆಗಳ ನಡುವೆ ನೀಲಗಿರಿಯ ಬೆಳಗೂ ಇತ್ತು, ಬೆಳದಿಂಗಳೂ ಇತ್ತು.

1965ರಲ್ಲಿ ವೆಂಕಟಪ್ಪನವರು ನಿಧನರಾದರು. ಅವರ ಬಳಿ ಉಳಿದಿದ್ದ ಕೃತಿಗಳಿಗಾಗಿ ರಾಜ್ಯ ಸರ್ಕಾರವು ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆಯನ್ನು ಕಟ್ಟಿಸಿ, 1970ರ ದಶಕದಲ್ಲಿ ಅದನ್ನು ಸಾರ್ವಜನಿಕರಿಗೆ ತೆರೆಯಿತು. ಒಬ್ಬ ಕಲಾವಿದನು ಹಟದಿಂದ ಕಾಪಾಡಿಕೊಂಡು ಬಂದ ಮನೆಯ ಸಿರಿ ಹೀಗೆ ನಾಡಿನ ಸಿರಿಯಾಯಿತು.