ತಾತಯ್ಯನವರು ಪತ್ರಿಕೆ ನಿಲ್ಲಿಸಿದ್ದೇಕೆ?

ಮೈಸೂರಿಗರು ‘ತಾತಯ್ಯ’ ಎಂದೇ ಕರೆದ ಎಂ. ವೆಂಕಟಕೃಷ್ಣಯ್ಯ (1844–1933) ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರು. ಪಾಠ ಹೇಳುತ್ತಲೇ ‘ವೃತ್ತಾಂತ ಚಿಂತಾಮಣಿ’ ವಾರಪತ್ರಿಕೆಯಲ್ಲಿ ದಿವಾನರ ಆಡಳಿತವನ್ನು ನಿರ್ಭಿಡೆಯಿಂದ ವಿಮರ್ಶಿಸಿದರು.

ಸರ್ಕಾರಿ ಅಧಿಕಾರಿಯ ಸಾರ್ವಜನಿಕ ನಡತೆಯ ಕುರಿತು ಸದ್ಭಾವನೆಯಿಂದ ಹೇಳಿದ ಅಭಿಪ್ರಾಯ ಮಾನಹಾನಿಯಲ್ಲವೆಂದು 1860ರ ದಂಡಸಂಹಿತೆಯ 499ನೇ ಕಲಮೇ ವಿನಾಯಿತಿ ನೀಡಿತ್ತು. ಆ ಕಲಮಿನ ಪ್ರಕಾರ ಸದ್ಭಾವನೆಯನ್ನು ಅಳೆಯಬೇಕಾದದ್ದು ನ್ಯಾಯಾಲಯ.

1908ರಲ್ಲಿ ದಿವಾನ್ ವಿ.ಪಿ. ಮಾಧವರಾಯರ ಸರ್ಕಾರ ಬೇರೆ ದಾರಿ ಹಿಡಿಯಿತು. ಹೊಸ ಪತ್ರಿಕಾ ಶಾಸನದಂತೆ ಪತ್ರಿಕೆ ನಡೆಸಲು ಸರ್ಕಾರದ ಅನುಮತಿ ಕಡ್ಡಾಯ. ಕೊಟ್ಟ ಅನುಮತಿಯನ್ನು ಕಸಿಯುವ ಅಧಿಕಾರವೂ ಅದರದ್ದೇ. ಟೀಕೆಗೊಳಗಾದವರೇ ತೀರ್ಪುಗಾರರು!

ಅರವತ್ತು ದಾಟಿದ್ದ ತಾತಯ್ಯನವರು ಹೀಗೆ ಕೈಕಟ್ಟಿ ಬರೆಯಲು ಒಪ್ಪದೆ, ಶಾಸನವನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳ ಪ್ರಕಟಣೆಯನ್ನೇ ನಿಲ್ಲಿಸಿದರು.